ನೆರ್ತೊಗ್ನಾತಾ ಎಂಬ ಹೆಸರು ದಾಖಲಾದದ್ದು

1963ರ ಬೇಸಿಗೆಯಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಸಣ್ಣ ಊರಿನ ಪುರಸಭೆಯ ಗುಮಾಸ್ತರು, ಅಂದು ಬೆಳಗ್ಗೆ ಹುಟ್ಟಿದ ಹೆಣ್ಣು ಮಗುವಿಗೆ ತಂದೆತಾಯಿ ಆರಿಸಿದ ಹೆಸರನ್ನು ಜನನ ದಾಖಲೆಯಲ್ಲಿ ಬರೆಯಲು ನಿರಾಕರಿಸಿದರು. ಆ ದೇಶದ ಕಾನೂನಿನಂತೆ ಹೆಸರು ಬರೆಸಲು ಇದ್ದ ಅವಧಿ ಮೂರು ದಿನ. ಆ ಮೂರೂ ದಿನ ನಾನು ಮತ್ತು ಹುಲೇಕಲ್ಲಿನ ಗಣಪತಿ ಭಟ್ಟರು ಆ ಮಗುವಿನ ಮನೆಯಲ್ಲಿ ಅತಿಥಿಗಳಾಗಿದ್ದೆವು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗುಮಾಸ್ತರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ.

ನಾವು ಅಲ್ಲಿಗೆ ಹೋದದ್ದು ಹೆಸರಿನ ಕೆಲಸಕ್ಕಲ್ಲ. ದ್ರಾಕ್ಷಿ ಬೆಳೆಗಾರರ ಸಹಕಾರಿ ಸಂಘಗಳನ್ನು ನೋಡಿ ಬರಲು ನಮ್ಮ ಕಡೆಯಿಂದ ಒಂದು ತಂಡ ಹೊರಟಿತ್ತು. ಸಿದ್ದಾಪುರದವರೊಬ್ಬರು, ಯಲ್ಲಾಪುರದವರೊಬ್ಬರು, ಹುಲೇಕಲ್ ಸೊಸೈಟಿಯ ಪರವಾಗಿ ಭಟ್ಟರು. ವರದಿ ಬರೆಯಲು ಶಿರಸಿಯ ವಾರಪತ್ರಿಕೆಯಿಂದ ನಾನು. ಮಾರ್ಸೇಲ್ಸ್ ಬಂದರಿನಲ್ಲಿ ಹಡಗು ಇಳಿದ ಮೇಲೆ ನಮ್ಮನ್ನು ಎರಡೆರಡು ಜನರಂತೆ ಬೇರೆ ಬೇರೆ ಊರಿಗೆ ಹಂಚಿದರು. ಭಟ್ಟರೂ ನಾನೂ ಒಂದು ಜೋಡಿಯಾದೆವು.

ರೈಲು ನಿಲ್ದಾಣ

ನಮ್ಮನ್ನು ಕರೆದೊಯ್ಯಲು ಬಂದವರು ಪ್ಲಾಟ್‌ಫಾರ್ಮಿನಲ್ಲಿ ರಟ್ಟಿನ ಫಲಕ ಹಿಡಿದು ನಿಂತಿದ್ದರು. ನಾವು ಅವರ ಮುಂದೆಯೇ ಹಾದು ಹೋದೆವು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದಾಗ ಭಟ್ಟರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಬಸವರಾಜ, ಅದರಲ್ಲಿ ಹುಲೇಕಲ್ ಹೇಳಿ ಬರದ್ದು ನೋಡು. ನಮ್ಮೂರಿಂದ ಮತ್ಯಾರೋ ಬೈಂದ ಕಾಣ್ತು."

"ಯಾರ್ ಬರ್ತಾರ್ರೀ ಭಟ್ರ? ನೀವ ಇರಬೇಕು ಅದು."

"ಆನು ಎಂತಕ್ಕೆ ಹುಲೇಕಲ್ ಆಗ್ಲಿ? ಆನು ಗಣಪತಿ."

ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿ ಏಳು ವರ್ಷವಾಗಿದ್ದರೂ, ಕಾಗದಪತ್ರಗಳಲ್ಲಿ ನಮ್ಮ ಹೆಸರು ಹಳೆಯ ಮುಂಬಯಿ ಪದ್ಧತಿಯಲ್ಲೇ ನಡೆದಿತ್ತು: ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನದು, ಕೊನೆಗೆ ಮನೆತನದ್ದು. ಭಟ್ಟರ ಪಾಸ್‌ಪೋರ್ಟಿನಲ್ಲಿ ಇವುಗಳ ಹಿಂದೆ ಊರೂ ಸೇರಿಕೊಂಡಿತ್ತು. ಅಲ್ಲಿಯವರು ಕಟ್ಟಕಡೆಯ ಪದವನ್ನೇ ಮನೆತನದ ಹೆಸರೆಂದು ತಿಳಿದರು. ಅಂದಿನಿಂದ ಹೊರಡುವವರೆಗೆ ಭಟ್ಟರು ಆ ಊರಿಗೆ 'ಮೊಸ್ಯೆ ಉಲೆಕಾಲ್', ಅಂದರೆ ಶ್ರೀಯುತ ಹುಲೇಕಲ್, ಆಗಿದ್ದರು. ಎರಡು ದಿನ ತಿದ್ದಿದರು. ಆಮೇಲೆ ಓಗೊಡಲು ಕಲಿತರು.

ಫಲಕ ಹಿಡಿದಿದ್ದವರು ಪಿಯೇರ್. ಅಲ್ಲಿಯ ಶಾಲೆಯಲ್ಲಿ ಮೇಷ್ಟ್ರು, ಇಂಗ್ಲಿಷ್ ಕಲಿಸುತ್ತಿದ್ದರು. ಹಾಗಾಗಿ ಅತಿಥಿಗಳಾದ ನಾವು ಅವರ ಪಾಲಿಗೆ ಬಂದಿದ್ದೆವು. ಮನೆಯಲ್ಲಿ ಅವರ ಹೆಂಡತಿ ಮಾರ್ತ್, ಮಾರ್ತಳ ತಾಯಿ ರೊಸಾಲಿ. ಮಾರ್ತ್ ಮಡಕೆ ತಟ್ಟೆ ಮಾಡುವ ಕಸುಬಿನವಳು. ಹಿತ್ತಲಲ್ಲೇ ಅವಳ ಮಡಕೆ ಸುಡುವ ಗೂಡು ಒಲೆ ಇತ್ತು. ಆಗ ಅವಳಿಗೆ ದಿನ ತುಂಬಿತ್ತು.

ಭಟ್ಟರು ಕೈಗಡಿಯಾರವನ್ನು ಹುಲೇಕಲ್ಲಿನ ಹೊತ್ತಿಗೇ ಇಟ್ಟುಕೊಂಡಿದ್ದರು. ಹಡಗಿನಲ್ಲಿ ಎಲ್ಲರೂ ಗಂಟೆ ತಿರುಗಿಸಿಕೊಳ್ಳುವಾಗಲೂ ಅವರು ಮುಟ್ಟಲಿಲ್ಲ. ಏಕಾದಶಿ ತಪ್ಪಬಾರದು ಎಂಬುದು ಅವರು ಹೇಳುತ್ತಿದ್ದ ಕಾರಣ. ಕೈಚೀಲದಲ್ಲಿ ಆ ವರ್ಷದ ಪಂಚಾಂಗವಿತ್ತು. ಅದರಲ್ಲಿಯ ಹೊತ್ತು ನಮ್ಮ ದೇಶದ್ದು, ಗಡಿಯಾರವೂ ನಮ್ಮ ದೇಶದ್ದೇ ಇರಲಿ ಎಂದರು. ಇನ್ನೊಂದು ಕಾರಣವನ್ನು ಹೇಳಲಿಲ್ಲ. ಊಟದ ನಡುವೆ ಗಡಿಯಾರ ನೋಡಿ, "ಈಗ ಮನೇಲಿ ಕೊಟ್ಟಿಗೆ ಕೆಲ್ಸ ಮುಗ್ದಿಕ್ಕು" ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು.

ಅವರ ಊಟ ಆ ಮನೆಗೆ ದೊಡ್ಡ ಸಮಸ್ಯೆಯಾಯಿತು. ಮಾಂಸವಿಲ್ಲ, ಮೊಟ್ಟೆಯಿಲ್ಲ, ಆ ಊರಿನ ಜೀವಾಳವಾದ ದ್ರಾಕ್ಷಿಯ ಮದ್ಯವೂ ಇಲ್ಲ. ರೊಸಾಲಿ ಕೈಚೆಲ್ಲಿ, ಇವರನ್ನು ಇವರ ದೇಶದಲ್ಲಿ ಗಾಳಿ ಹಾಕಿ ಬೆಳೆಸುತ್ತಾರೆಯೇ ಎಂದು ಅಳಿಯನನ್ನು ಕೇಳಿದಳು. ಭಟ್ಟರು ಬ್ರೆಡ್ಡಿಗೆ ಮಿಡಿ ಉಪ್ಪಿನಕಾಯಿ ಹಚ್ಚಿಕೊಂಡು ಉಂಡರು. ರೊಸಾಲಿ ಒಂದು ಮಿಡಿಯನ್ನು ಆಲಿವ್ ಕಾಯಿಯೆಂದು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಇಳಿಯಿತು. ಉಗುಳಲಿಲ್ಲ. ಪೂರ್ತಿ ತಿಂದು, ಓಟೆಯನ್ನು ತಟ್ಟೆಯ ಅಂಚಿಗಿಟ್ಟು, ಇನ್ನೊಂದು ಕೊಡಿ ಎಂದಳು. ಅಲ್ಲಿಂದ ಭಟ್ಟರಿಗೂ ಅವಳಿಗೂ ಸಲುಗೆ ಬೆಳೆಯಿತು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಮಣ್ಣಿನ ಬಿಲ್ಲೆಗಳು

ಆ ಊರಿನ ಹೊರಗೆ ಹೊಲ ಉಳುವಾಗ ಕೆಂಪು ತಟ್ಟೆಗಳ ಚೂರು ಸಿಗುತ್ತವೆ. ರೋಮನರ ಕಾಲದಲ್ಲಿ ಅಲ್ಲಿ ಕುಂಬಾರರ ಕೇರಿಯಿತ್ತು. ತಟ್ಟೆಯ ನಡುವೆ ಮಾಡಿದವನ ಹೆಸರಿನ ಮುದ್ರೆ ಇರುತ್ತದೆ. ಕೆಲವು ಹೆಸರು ರೋಮನರದು, ಕೆಲವು ಅದಕ್ಕೂ ಮೊದಲಿನಿಂದ ಅಲ್ಲಿದ್ದ ಗಾಲ್ ಜನರದು. ಅವರ ಮಾತನ್ನು ಈಗ ಭೂಮಿಯ ಮೇಲೆ ಯಾರೂ ಆಡುವುದಿಲ್ಲ. ಉಳಿದಿರುವುದು ಕಲ್ಲು, ನಾಣ್ಯ, ತಟ್ಟೆಗಳ ಮೇಲಿನ ಕೆಲವು ಬರಹ ಮತ್ತು ರೋಮನರು ಬರೆದಿಟ್ಟ ಹೆಸರುಗಳು. ಹೆಸರುಗಳೇ ಹೆಚ್ಚು.

ಪಿಯೇರ್ ಮೇಷ್ಟ್ರಿಗೆ ಇದು ರಜಾದಿನದ ಹುಚ್ಚು. ಮಾರ್ತಳಿಗೆ ಹುಚ್ಚಲ್ಲ, ಕಸುಬಿನ ಸಂಬಂಧ. ಅದೇ ಮಣ್ಣಿನಲ್ಲಿ ಅವಳೂ ತಟ್ಟೆ ಮಾಡುತ್ತಾಳೆ. ಗಾಲ್ ಜನ ಹೆಸರನ್ನು ಎರಡು ತುಂಡು ಜೋಡಿಸಿ ಕಟ್ಟುತ್ತಿದ್ದರು ಎಂದು ಗಂಡ ಹೇಳಿದ ಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಚಕ್ಕುಲಿಯಷ್ಟು ಅಗಲದ ಮಣ್ಣಿನ ಬಿಲ್ಲೆಗಳನ್ನು ಮಾಡಿ, ಒಂದೊಂದರ ಮೇಲೆ ಒಂದೊಂದು ತುಂಡನ್ನು ಕೊರೆದು, ಸುಟ್ಟಿದ್ದಳು. ಹೆಸರಿನ ತಲೆಗೆ ಬರುವವು ಕೆಂಪು, ಬಾಲಕ್ಕೆ ಬರುವವು ಬೂದು. ಊಟವಾದ ಮೇಲೆ ಮೇಜು ಒರೆಸಿ ಬಿಲ್ಲೆ ಹರವಿ, ಮನೆಮಂದಿ ಹೆಸರು ಕಟ್ಟುತ್ತಾ ಕೂರುತ್ತಿದ್ದರು.

ನಾವು ಬಂದ ಸಂಜೆ ನಮ್ಮನ್ನೂ ಕೂರಿಸಿದರು. ಕೆಂಪಿನಲ್ಲಿ ಸೆಗೊ ಎಂದರೆ ಗೆಲುವು, ಕಾತು ಎಂದರೆ ಯುದ್ಧ, ಎಪೊ ಎಂದರೆ ಕುದುರೆ, ವಿಂದೊ ಎಂದರೆ ಬಿಳಿ, ನೆರ್ತೊ ಎಂದರೆ ಬಲ. ಬೂದಿನಲ್ಲಿ ಮಾರೊಸ್ ಎಂದರೆ ದೊಡ್ಡವ, ರಿಕ್ಸ್ ಎಂದರೆ ರಾಜ, ಗ್ನಾತೊಸ್ ಎಂದರೆ ಹುಟ್ಟಿದವ. ಹೆಣ್ಣಾದರೆ ಗ್ನಾತಾ. ಸೆಗೊಮಾರೊಸ್ ಎಂದರೆ ಗೆಲುವಿನಲ್ಲಿ ದೊಡ್ಡವ. ಶಾಲೆಯ ಮಕ್ಕಳೆಲ್ಲ ಬಲ್ಲ ಅವರ ವೀರ ವೆರ್ಕಿಂಗೆತೊರಿಕ್ಸನ ಹೆಸರು ಮೂರು ತುಂಡಿನದು: ಮೇಲು, ಯೋಧ, ರಾಜ.

ಭಟ್ಟರು ಬೂದು ಬಿಲ್ಲೆಗಳನ್ನು ಅಡಿಕೆ ಆರಿಸುವಂತೆ ಬೆರಳಲ್ಲಿ ಸರಿಸಿ ನೋಡಿದರು. "ರಿಕ್ಸ್ ಅಂದ್ರೆ ನಮ್ಮ ರಾಜ. ಗ್ನಾತಾ ಅಂದ್ರೆ ಜಾತಾ. ಇದೆಂತ ಹೊಸತಾ? ನಮ್ಮ ಬದಿಯವ್ವೇ ಯಾರೋ ಹಿಂದೆ ಇಲ್ಲಿಗೆ ಬಂದಿರಕ್ಕು."

ಪಿಯೇರ್, ಹಾಗಲ್ಲ, ಎರಡಕ್ಕೂ ಬಲು ಹಿಂದೆ ಒಂದೇ ಬೇರು ಎಂದರು. ಭಟ್ಟರು ಒಪ್ಪಲಿಲ್ಲ, ಜಗಳವನ್ನೂ ಆಡಲಿಲ್ಲ.

ನಮ್ಮ ಹೆಸರುಗಳನ್ನು ಬಿಲ್ಲೆಗೆ ಇಳಿಸುವ ಕೆಲಸ ನಡೆಯಿತು. ಗಣ ಎಂದರೆ ಗುಂಪು, ಜನ, ಅದಕ್ಕೆ ತೌತೊ. ಪತಿಗೆ ರಿಕ್ಸ್ ಹಾಕಿದರು. ಭಟ್ಟರು ತೌತೊರಿಕ್ಸ್ ಆದರು. ಬಸವನಿಗೆ ತರ್ವೊ, ಗೂಳಿ. ನಾನು ತರ್ವೊರಿಕ್ಸ್. ಬನವಾಸಿ ಕಡೆ ಊರಿಗೆ ಹತ್ತು ಬಸವರಾಜರಿದ್ದಾರೆ, ಒಬ್ಬನಿಗೂ ರಾಜ್ಯವಿಲ್ಲ ಎಂದೆ. ಮಾರ್ತ್ ನಕ್ಕಳು. ಇಲ್ಲಿಯೂ ಹಾಗೇ, 'ಯುದ್ಧದಲ್ಲಿ ದೊಡ್ಡವ' ಎಂಬ ಹೆಸರಿನವನು ಜೀವಮಾನವೆಲ್ಲ ಸಾರಿನ ಬಟ್ಟಲು ಮಾಡಿಕೊಂಡಿದ್ದಾನು ಎಂದಳು.

ಎರಡು ಬಿಲ್ಲೆಗಳನ್ನು ಮಾತ್ರ ಅವಳು ಆಟಕ್ಕೆ ಕೊಡಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಜೋಡಿಸಿ ಇಟ್ಟಿದ್ದಳು: ನೆರ್ತೊ, ಗ್ನಾತಾ. ಬಲದಿಂದ ಹುಟ್ಟಿದವಳು. ಪಿಯೇರರ ಪುಸ್ತಕಗಳಲ್ಲಿ ಆ ಎರಡೂ ತುಂಡು ಬೇರೆ ಬೇರೆ ಹೆಸರುಗಳಲ್ಲಿದ್ದವು. ಜೋಡಿಯಾಗಿ ಎಲ್ಲೂ ಸಿಕ್ಕಿರಲಿಲ್ಲ. ಅವಳಿಗೆ ಅದೇ ಬೇಕಿತ್ತು. ಹೆಣ್ಣು ಮಗುವೇ ಎಂದು ಹೇಗೆ ಗೊತ್ತು ಎಂದು ಕೇಳಿದೆ. ಗೊತ್ತು ಎಂದಳು.

ರೊಸಾಲಿ ಹಲಗೆಯತ್ತ ಗದ್ದ ಎತ್ತಿ, "ಅದನ್ನು ಕರೆದು ಮುಗಿಸುವುದರೊಳಗೆ ಮಗು ಬಾವಿಗೆ ಬಿದ್ದಿರುತ್ತದೆ" ಎಂದಳು.

"ನೆರ್ತಾ ಎಂದು ಕೂಗು ಅಮ್ಮ. ಆದರೆ ಬರೆಯುವಾಗ ಪೂರ್ತಿ ಬರೆಯಬೇಕು."

ಪುರಸಭೆ, ಮೊದಲ ದಿನ

ಮಗು ಹುಟ್ಟಿದ್ದು ಆ ಮನೆಯ ಬೆಳಗಿನ ಕಾಫಿಯ ಹೊತ್ತಿಗೆ, ಮನೆಯಲ್ಲೇ. ಸೂಲಗಿತ್ತಿ ಬಂದಿದ್ದಳು. ಒಳಗಿನಿಂದ ಅಳು ಕೇಳಿದ ಕೂಡಲೇ ಭಟ್ಟರು ಗಡಿಯಾರ ನೋಡಿ ಹೊತ್ತನ್ನು ಬಾಯಲ್ಲಿ ಒಮ್ಮೆ ಹೇಳಿಕೊಂಡರು. ನಮ್ಮ ಕಡೆ ಹಿರಿಯರು ಮಾಡುವುದೇ ಅದು. ನಾನು ಲಕ್ಷ್ಯ ಕೊಡಲಿಲ್ಲ. ಹೆಣ್ಣು ಮಗು. ತಾಯಿ ಕ್ಷೇಮ.

ಮಧ್ಯಾಹ್ನ ಪಿಯೇರ್ ಹೆಸರು ಬರೆಸಲು ಹೊರಟರು. ನೋಡಬೇಕೆಂದು ನಾವೂ ಜೊತೆಗೆ ಹೋದೆವು. ನಮ್ಮಲ್ಲಿ ಹುಟ್ಟನ್ನು ಬರೆದುಕೊಳ್ಳುವವನು ಊರಿನ ಪೊಲೀಸ್ ಪಾಟೀಲ. ಅವನು 'ಹೆಣ್ಣು' ಅಥವಾ 'ಗಂಡು' ಎಂದು ಬರೆದರೆ ಮುಗಿಯಿತು. ಹನ್ನೆರಡನೆಯ ದಿನದವರೆಗೆ ಮಗುವಿಗೆ ಹೆಸರೇ ಇರುವುದಿಲ್ಲ. ಇಲ್ಲಿ ಹೆಸರಿಲ್ಲದಿದ್ದರೆ ಮಗು ಹುಟ್ಟಿದ ಲೆಕ್ಕವೇ ಇಲ್ಲ.

ಗುಮಾಸ್ತರು ಮೂವತ್ತೈದರ ಆಸುಪಾಸಿನವರು, ಮೆಲು ಮಾತಿನವರು. ಹೆಸರು ಕೇಳಿ ಲೇಖನಿ ಕೆಳಗಿಟ್ಟರು. ಗೋಡೆಗೆ ತೂಗುಹಾಕಿದ್ದ ಹಾಳೆಯಿಂದ ನಿಯಮ ಓದಿದರು. ಪಿಯೇರ್ ಅದನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದರು, ನಾನು ಭಟ್ಟರಿಗೆ ಕನ್ನಡದಲ್ಲಿ ಹೇಳಿದೆ: "ಬೇರೆ ಬೇರೆ ಪಂಚಾಂಗಗಳಲ್ಲಿ ಬಳಕೆಯಲ್ಲಿರುವ ಹೆಸರು ಇರಬೇಕು, ಇಲ್ಲಾ ಪ್ರಾಚೀನ ಇತಿಹಾಸದಲ್ಲಿ ತಿಳಿದ ವ್ಯಕ್ತಿಯ ಹೆಸರು ಇರಬೇಕು."

"ಅವರ ಪಂಚಾಂಗದಲ್ಲಿ ಹೆಸ್ರು ಇರ್ತಾ?" ಭಟ್ಟರು ಕೇಳಿದರು.

"ದಿನಕ್ಕೊಬ್ಬ ಸಂತರ ಹೆಸರಿರತೈತ್ರಿ."

ವೆರ್ಕಿಂಗೆತೊರಿಕ್ಸ್ ಎಂದು ಬರೆಯಿರಿ ಎಂದರೆ ಈಗಲೇ ಬರೆಯುತ್ತೇನೆ, ಅವನು ಇತಿಹಾಸದಲ್ಲಿದ್ದಾನೆ ಎಂದರು ಗುಮಾಸ್ತರು. ನೆರ್ತೊಗ್ನಾತಾ ಎಂಬವಳು ಒಬ್ಬಳಾದರೂ ಇದ್ದಳೆಂದು ತೋರಿಸಿ. ಪಿಯೇರ್ ತೋರಿಸಲಾರರು. ಹೆಸರು ಕಟ್ಟುವ ರೀತಿ ಹಳೆಯದು, ತುಂಡುಗಳು ಹಳೆಯವು, ಜೋಡಿ ಮಾತ್ರ ಹೊಸದು ಎಂದು ವಾದಿಸಿದರು. ಮೇಷ್ಟ್ರು ವಾದಿಸುವಾಗ ಗುಮಾಸ್ತರು ಕಿಟಕಿಯಾಚೆ ಚೌಕದ ಕಡೆ ನೋಡುತ್ತಿದ್ದರು. ಕಡೆಗೆ, ಮೂರನೆಯ ದಿನ ಕಚೇರಿ ಮುಚ್ಚುವವರೆಗೆ ಕಾಯುತ್ತೇನೆ, ಬೇರೆ ಹೆಸರಿನೊಡನೆ ಬನ್ನಿ ಎಂದರು.

ಸಂಜೆ ಮಾರ್ತಳ ಮಂಚದ ಸುತ್ತ ಎಲ್ಲರೂ ಕೂತಿದ್ದಾಗ ಭಟ್ಟರು ಪರಿಹಾರ ಹೇಳಿದರು. ನಮ್ಮ ಮೂರೂ ತಾಲೂಕಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

"ಇದಕ್ಕೆಲ್ಲ ತಲೆ ಕೆಡಿಸ್ಕಂಬುದೆಂತಕ್ಕೆ? ದಾಖಲೆಗೆ ಅವ ಹೇಳಿದ ಹೆಸ್ರು ಕೊಡು. ಮನೇಲಿ ಬೇಕಾದ್ದು ಕರಿ. ಎನಗೆ ಮನೇಲಿ ಗಪ್ಪು, ಬರಹದಲ್ಲಿ ಗಣಪತಿ. ಎನ್ನ ಹೆಂಡ್ತಿಗೆ ಮೂರು ಹೆಸ್ರು. ತವರಲ್ಲಿ ಒಂದು, ಶಾಲೆ ಮಾಸ್ತರು ಬರದ್ದು ಒಂದು, ಮದ್ವೆಲಿ ಆನು ಅಕ್ಕಿ ಮೇಲೆ ಬರದ್ದು ಒಂದು. ಯಾವ್ದು ಕರದ್ರೂ ಓ ಹೇಳ್ತು."

ನಾನು ಇಂಗ್ಲಿಷಿಗೆ, ಪಿಯೇರ್ ಫ್ರೆಂಚಿಗೆ. ಮಾತು ಮಂಚದವರೆಗೆ ತಲುಪಿದಾಗ ಮಾರ್ತಳ ಮುಖ ಕೆಂಪಾಯಿತು.

"ಮೂರರಲ್ಲಿ ಯಾವುದು ತನ್ನದು ಎಂದು ಆಕೆಯನ್ನು ಕೇಳಿದ್ದಾರಾ?"

ಭಟ್ಟರು ಗಡಿಯಾರ ನೋಡಿಕೊಂಡರು. "ಇಲ್ಲೆ" ಎಂದರು. "ಕೇಳಿದ್ನಿಲ್ಲೆ."

"ನಾಳೆ ಅಮ್ಮ ಚೌಕಕ್ಕೆ ಹೋಗುತ್ತಾಳೆ. ಅವರನ್ನೂ ಕರೆದುಕೊಂಡು ಹೋಗಲಿ" ಎಂದಳು ಮಾರ್ತ್. ಬೇರೆ ಹೆಸರಿನ ಮಾತನ್ನು ಆ ರಾತ್ರಿ ಮತ್ತೆ ಯಾರೂ ಎತ್ತಲಿಲ್ಲ.

ಚೌಕದ ಕಲ್ಲು

ಆ ದೇಶದಲ್ಲಿ ಯಾವ ಊರಿಗೆ ಹೋದರೂ ನಡುವಿನ ಚೌಕದಲ್ಲಿ ಯುದ್ಧದಲ್ಲಿ ಸತ್ತವರ ಹೆಸರು ಕೊರೆದ ಕಲ್ಲು ಇರುತ್ತದೆ. ನಮ್ಮ ವೀರಗಲ್ಲಿನಲ್ಲಿ ಕುದುರೆ, ಕತ್ತಿ, ಮೇಲೆ ಸೂರ್ಯಚಂದ್ರರು. ಅದರಲ್ಲಿ ಬಿದ್ದವನು ಯಾರೆಂದು ಹಲವು ಕಡೆ ಯಾರಿಗೂ ಗೊತ್ತಿಲ್ಲ. ಅವರದರಲ್ಲಿ ಚಿತ್ರವಿಲ್ಲ, ಬರೀ ಹೆಸರು. ರೊಸಾಲಿ ಬುಟ್ಟಿ ಹಿಡಿದು ಮುಂದೆ ನಡೆದಳು. ನಾವು ಮೂವರು ಹಿಂದೆ. ಕಲ್ಲಿನ ಮುಂದೆ ನಿಂತು ಒಂದು ಸಾಲಿಗೆ ಬೆರಳಿಟ್ಟಳು. ಎಮಿಲ್ ಎಂದಿತ್ತು.

ಅದು ಅವಳ ಮಗ, ಮಾರ್ತಳ ಅಣ್ಣ. ಕಳೆದ ಮಹಾಯುದ್ಧದ ಕೊನೆಯ ವರ್ಷ ಸತ್ತಿದ್ದ. ದಾಖಲೆಯಲ್ಲಿ ಎಮಿಲ್. ಆದರೆ ಆ ಮನೆಯಲ್ಲಿ, ಆ ಬೀದಿಯಲ್ಲಿ, ಶಾಲೆಯ ಅಂಗಳದಲ್ಲಿ ಅವನನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಅವರ ಮನೆಮಾತು ಫ್ರೆಂಚ್ ಅಲ್ಲ, ಆ ಸೀಮೆಯದೇ ಬೇರೆ ಮಾತು. ಅದರಲ್ಲಿ ಅವನು 'ಪಿಚೊ'. ಚಿಕ್ಕವ ಎಂದು ಅರ್ಥ. ಭಟ್ಟರ ಮನೆಗಳಲ್ಲಿ 'ಮಾಣಿ' ಎಂದಂತೆ.

"ಸತ್ತ ಸುದ್ದಿಯ ತಂತಿ ಬಂದಾಗ ನಾನು ಅಳಲಿಲ್ಲ" ಎಂದಳು ರೊಸಾಲಿ. "ಎಮಿಲ್ ಸತ್ತ ಎಂದು ಅಂಚೆಯವನು ಓದಿದ. ಪಾಪ, ಯಾರ ಮಗನೋ ಎಂದೆ. ಅಂಚೆಯವನು ಟೋಪಿ ತೆಗೆದು ನಿಂತೇ ಇದ್ದ. ಆಮೇಲೆ ಗೊತ್ತಾಯಿತು."

ಪಿಯೇರ್ ಇದನ್ನು ಇಂಗ್ಲಿಷಿನಲ್ಲಿ ಹೇಳಿದರು. ನಾನು ಭಟ್ಟರಿಗೆ ಹೇಳಿದೆ. ಅವರು ಚಪ್ಪಲಿ ಬಿಟ್ಟು ಕಲ್ಲಿನ ಹತ್ತಿರ ಹೋಗಿ ಆ ಸಾಲನ್ನು ಒಂದೊಂದೇ ಅಕ್ಷರ ಓದಿದರು.

ರೊಸಾಲಿ ಬುಟ್ಟಿಯನ್ನು ಇನ್ನೊಂದು ಕೈಗೆ ಬದಲಿಸಿದಳು. "ಕಲ್ಲಿನಲ್ಲಿರುವವನು ನನ್ನ ಮಗನಲ್ಲ. ಹೂವು ಇಡುತ್ತೇನೆ. ಯಾರದೋ ಮಗನಿಗೆ ಇಟ್ಟಂತೆ ಇಡುತ್ತೇನೆ. ಮಗಳು ಇಟ್ಟ ಹೆಸರು ನನಗೆ ನಾಲಗೆಗೆ ಬರುವುದಿಲ್ಲ. ಬರದಿದ್ದರೆ ಕಲಿಯುತ್ತೇನೆ. ಎರಡು ಹೆಸರು ಮಾತ್ರ ಬೇಡ."

ವಾಪಸಾಗುವಾಗ ಭಟ್ಟರು ಎಲ್ಲರಿಗಿಂತ ಮುಂದೆ ನಡೆದರು. ಮನೆಗೆ ಬಂದು ಕೈಚೀಲದಿಂದ ಪಂಚಾಂಗ ತೆಗೆದು, ಹಿತ್ತಲಲ್ಲಿ ಮಾರ್ತಳ ತಿಗರಿಯ ಪಕ್ಕ ಕೂತರು. ನಾನು ಸಹಕಾರಿ ಸಂಘದ ವರದಿ ಬರೆಯುತ್ತಿದ್ದೆ. ಕೆಲ ಹೊತ್ತಿನ ಮೇಲೆ ಕರೆದರು.

"ಬಸವರಾಜ, ಆ ಕಾನೂನಲ್ಲಿ ಎಂತ ಇತ್ತು? ಬರೀ ಪಂಚಾಂಗ ಹೇಳಿ ಇತ್ತಾ, ಅವರ ಪಂಚಾಂಗ ಹೇಳಿ ಇತ್ತಾ?"

"ಬೇರೆ ಬೇರೆ ಪಂಚಾಂಗ ಅಂತಿತ್ರಿ."

"ಹಂಗಾರೆ ನೋಡು ಇಲ್ಲಿ. ಕೂಸು ಹುಟ್ಟಿದ ಹೊತ್ತು ಎನ್ನ ಗಡಿಯಾರದಲ್ಲಿದ್ದು. ಅನುರಾಧಾ, ನಾಕನೇ ಪಾದ. ನಾ, ನೀ, ನೂ, ನೇ." ಬೆರಳನ್ನು ಚೌಕುಳಿಯ ಮೇಲೆ ಒತ್ತಿದರು. "ನೇ ಹೇಳೇ ಬಂತು. ನೆರ್ತೊಗ್ನಾತಾ. ಮಾರ್ತ್ ಪುಸ್ತಕ ನೋಡದ್ದೇ ಸರಿಯಾದ್ದು ಇಟ್ಟಿದ್ದು!"

ಹುಟ್ಟಿದ ನಕ್ಷತ್ರದ ಪಾದಕ್ಕೆ ಒಂದು ಅಕ್ಷರ, ಆ ಅಕ್ಷರದಿಂದ ಹೆಸರು ಶುರುವಾಗಬೇಕು ಎಂಬುದು ನಮ್ಮ ಓದುಗರಿಗೆ ಹೊಸದಲ್ಲ. ಭಟ್ಟರ ಮುಖದಲ್ಲಿ ಗೆದ್ದ ಕಳೆ ಇತ್ತು. ಫ್ರಾನ್ಸಿನ ಗುಮಾಸ್ತರ ಮುಂದೆ ಹುಲೇಕಲ್ಲಿನ ಪಂಚಾಂಗ ಇಡುವುದೇ ಎಂದುಕೊಂಡು 'ನೋಡೋಣ್ರಿ' ಎಂದಷ್ಟೇ ಹೇಳಿದೆ. ಅವರು ಅಷ್ಟರಲ್ಲಿ ಒಳಗೆ ಹೋಗಿ, ಬಾಣಂತಿಯ ಕೋಣೆಯ ಹೊಸ್ತಿಲಾಚೆಯೇ ನಿಂತು, ಪುಸ್ತಕ ಎತ್ತಿ ತೋರಿಸುತ್ತಿದ್ದರು. ಮಾರ್ತಳಿಗೆ ವಿಷಯ ತಿಳಿಸಲು ಪಿಯೇರರೂ ನಾನೂ ಬಹಳ ಹೊತ್ತು ಬೆವರಿದೆವು. ಅವಳು ಕೇಳಿ, "ಕೊಂಡುಹೋಗಿ. ಆದರೆ ಇರುವುದನ್ನೇ ಹೇಳಿ" ಎಂದಳು.

ಪುರಸಭೆ, ಮೂರನೆಯ ದಿನ

ಕಚೇರಿ ಮುಚ್ಚುವ ಮುನ್ನ ಹೋದೆವು. ಈ ಸಲ ರೊಸಾಲಿಯೂ ಬಂದಳು, ಕಪ್ಪು ಕೋಟು ಹಾಕಿಕೊಂಡು. ಭಟ್ಟರು ಪಂಚೆಯ ಮೇಲೆ ಕೋಟು ತೊಟ್ಟು, ಶಾಲು ಹೊದ್ದು, ಪಂಚಾಂಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಬೇರೆ ಹೆಸರು ತಂದಿರಾ ಎಂದು ಗುಮಾಸ್ತರು ಕೇಳಿದರು. ಇಲ್ಲ ಎಂದರು ಪಿಯೇರ್. ಭಟ್ಟರು ಪಂಚಾಂಗವನ್ನು ಮೇಜಿನ ಮೇಲಿಟ್ಟು, ಅದರ ತಲೆ ಗುಮಾಸ್ತರ ಕಡೆಗಿರುವಂತೆ ತಿರುಗಿಸಿದರು. ಗುಮಾಸ್ತರು ಹಾಳೆ ಮಗುಚಿದರು. ಒಂದಕ್ಷರವೂ ಅವರಿಗೆ ತಿಳಿಯುವಂತಿರಲಿಲ್ಲ.

"ಇದು ಏನು?"

"ನಮ್ಮ ದೇಶದ ಪಂಚಾಂಗ" ಎಂದೆ ಇಂಗ್ಲಿಷಿನಲ್ಲಿ. ಪಿಯೇರ್ ತಿರುಗಿಸಿ ಹೇಳಿದರು.

ಗುಮಾಸ್ತರು ಗೋಡೆಯ ಹಾಳೆಯನ್ನು ಮತ್ತೆ ಓದಿದರು. ಯಾವ ದೇಶದ್ದೆಂದು ಅದರಲ್ಲಿ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನೀವು ಪತ್ರಿಕೆಯವರಂತೆ. ನೆರ್ತೊಗ್ನಾತಾ ಎಂಬ ಹೆಸರು ಈ ಪುಸ್ತಕದಲ್ಲಿ ಇದೆಯೇ?"

ಪಿಯೇರ್ ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿ, ಅದರ ಬಾಲಕ್ಕೆ ಮೆಲ್ಲಗೆ, "ಹೌದು ಎಂದುಬಿಡಿ" ಎಂದು ಸೇರಿಸಿದರು. ಭಟ್ಟರು ನನ್ನ ಬಾಯಿ ನೋಡುತ್ತಿದ್ದರು.

"ಇಲ್ಲ" ಎಂದೆ. "ಈ ಪುಸ್ತಕ ಹೆಸರು ಕೊಡುವುದಿಲ್ಲ. ಹುಟ್ಟಿದ ಹೊತ್ತಿಗೆ ಸರಿಯಾಗಿ ಹೆಸರಿನ ಮೊದಲ ಅಕ್ಷರ ಕೊಡುತ್ತದೆ. ಈ ಮಗುವಿಗೆ ಕೊಟ್ಟದ್ದು 'ನೇ'. ಮುಂದಿನದನ್ನು ಮನೆಯವರು ಕಟ್ಟುತ್ತಾರೆ. ನಮ್ಮಲ್ಲಿ ಹೆಸರಿಡುವುದು ಹಾಗೆ."

ಪಿಯೇರ್ ಸ್ವಲ್ಪ ತಡೆದು, ಇದ್ದಂತೆಯೇ ಹೇಳಿದರು. ಭಟ್ಟರು ನನ್ನನ್ನು ದುರುಗುಟ್ಟಿ ನೋಡಿದರು. "ಎಂತ ಹೇಳ್ದೆ? ಇದ್ದು ಹೇಳಿದ್ಯಾ, ಇಲ್ಲೆ ಹೇಳಿದ್ಯಾ?"

"ಇದ್ದದ್ದ ಹೇಳೀನ್ರಿ ಭಟ್ರ."

"ಹಾಳಾತು" ಎಂದು ಅವರು ಶಾಲು ಸರಿಮಾಡಿಕೊಂಡರು.

ಗುಮಾಸ್ತರು ಬಾಯಿ ತೆರೆಯುವ ಮೊದಲೇ ರೊಸಾಲಿ ಮೇಜಿನ ಹತ್ತಿರ ಬಂದಳು. ಫ್ರೆಂಚಿನಲ್ಲಿ ಅಲ್ಲ, ತನ್ನ ಮನೆಮಾತಿನಲ್ಲಿ ಶುರುಮಾಡಿದಳು. ಪಿಯೇರ್ ನನ್ನ ಕಿವಿಯಲ್ಲಿ ಹೇಳುತ್ತಾ ಹೋದರು.

"ಜೀರುಂಡೆ," ಅಂದಳು. ಅದು ಗುಮಾಸ್ತರನ್ನು ಚಿಕ್ಕಂದಿನಲ್ಲಿ ಬೀದಿಯವರೆಲ್ಲ ಕರೆಯುತ್ತಿದ್ದ ಹೆಸರು. "ಹೊರಗೆ ಕಲ್ಲಿನ ಮೇಲೆ ಎಮಿಲ್ ಎಂದಿದೆಯಲ್ಲ, ಅವನು ಯಾರು?"

"ನಿಮ್ಮ ಮಗ."

"ಅವನ ಜೊತೆ ಹೊಳೆಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದವನು ಯಾರು?"

"ನಾನು."

"ಏನೆಂದು ಕೂಗುತ್ತಿದ್ದೆ ಅವನನ್ನು?"

ಗುಮಾಸ್ತರು ಲೇಖನಿಯ ಮುಚ್ಚಳ ತಿರುಗಿಸುತ್ತಿದ್ದರು. "ಪಿಚೊ."

"ನಿನ್ನ ಪುಸ್ತಕದಲ್ಲಿ ಪಿಚೊ ಎಲ್ಲಿದ್ದಾನೆ, ತೆಗೆದು ತೋರಿಸು."

 ರೊಸಾಲಿ ಕಾದಳು. ಆಮೇಲೆ ಫ್ರೆಂಚಿನಲ್ಲಿ, ಒಂದೊಂದೇ ತುಂಡಾಗಿ, ಹೆಸರನ್ನು ಹೇಳಿದಳು: "ನೆರ್ತೊ. ಗ್ನಾತಾ. ಈ ಮಗುವನ್ನು ನಾವು ಹೀಗೇ ಕರೆಯುತ್ತೇವೆ. ಈ ಸಲ ಕರೆಯುವುದನ್ನೇ ಬರೆ." ಅಲ್ಲಿಯವರೆಗೆ ಅವಳು ಆ ಹೆಸರನ್ನು ಪೂರ್ತಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹಿಂದಿನ ಸಂಜೆಯೆಲ್ಲ ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದಳು ಎಂದು ಪಿಯೇರ್ ಆಮೇಲೆ ಹೇಳಿದರು.

ಗುಮಾಸ್ತರು ಒಂದು ಬಿಳಿ ಹಾಳೆಯನ್ನು ನನ್ನ ಮುಂದೆ ಸರಿಸಿದರು. ಈಗ ಹೇಳಿದ್ದನ್ನು ಬರೆದು ಸಹಿ ಮಾಡಿ ಎಂದರು. ನಾನು ಇಂಗ್ಲಿಷಿನಲ್ಲಿ ಬರೆದೆ: ಈ ಹೆಸರು ಈ ಪಂಚಾಂಗದಲ್ಲಿ ಇಲ್ಲ. ಹೆಸರಿನ ಮೊದಲ ಅಕ್ಷರವನ್ನು ಈ ಪಂಚಾಂಗ ಸೂಚಿಸುತ್ತದೆ. ಉಳಿದದ್ದನ್ನು ಮಗುವಿನ ಮನೆಯವರು ಕಟ್ಟುವುದು ರೂಢಿ. ಅದರ ಕೆಳಗೆ ಪಿಯೇರ್ ಫ್ರೆಂಚಿನಲ್ಲಿ ಬರೆದರು. ಗುಮಾಸ್ತರು ಫ್ರೆಂಚಿನದನ್ನು ಓದಿ, ದಾಖಲೆ ಪುಸ್ತಕ ಎಳೆದುಕೊಂಡು, ನೆರ್ತೊಗ್ನಾತಾ ಎಂದು ಬರೆದರು. ಕಾಗುಣಿತಕ್ಕೆ ಎರಡು ಸಲ ತಲೆಯೆತ್ತಿ ಪಿಯೇರರನ್ನು ನೋಡಿದರು. ಇದನ್ನು ಜಿಲ್ಲೆಯ ಸರ್ಕಾರಿ ವಕೀಲರ ಅಭಿಪ್ರಾಯಕ್ಕೆ ಕಳಿಸುತ್ತೇನೆ, ಅವರು ಒಪ್ಪದಿದ್ದರೆ ಹೊಡೆದುಹಾಕಬೇಕಾಗುತ್ತದೆ ಎಂದರು. ಪಂಚಾಂಗವನ್ನು ಆಧಾರವಾಗಿ ಕಚೇರಿಯಲ್ಲಿ ಇಟ್ಟುಕೊಳ್ಳಬೇಕು ಎಂದೂ ಹೇಳಿದರು.

ಇದನ್ನು ಭಟ್ಟರಿಗೆ ತಿಳಿಸುವುದು ಕಷ್ಟವಾಯಿತು.

"ಇಟ್ಕಂಬುದಾ? ಮುಂದಿನ ಏಕಾದಶಿ ಆನು ಎಂತ ನೋಡಿ ಮಾಡವು?"

"ಚಂದ್ರನ್ನ ನೋಡಿ ಮಾಡ್ರಿ."

ಅವರು ಪಂಚಾಂಗವನ್ನು ತೆಗೆದುಕೊಂಡು, ಕಣ್ಣಿಗೊತ್ತಿ, ರೊಸಾಲಿಯ ಮುಖ ನೋಡಿ, ಮತ್ತೆ ಮೇಜಿನ ಮೇಲಿಟ್ಟರು. ಗುಮಾಸ್ತರು ಅದಕ್ಕೊಂದು ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟರು.

ಮನೆಗೆ ಬಂದಾಗ ಮಾರ್ತ್ ಏನಾಯಿತೆಂದು ಕೇಳಲಿಲ್ಲ. ತಾಯಿಯ ಮುಖ ನೋಡಿ, ಮಗುವನ್ನು ಅವಳ ಕೈಗೆ ಕೊಟ್ಟಳು. ನಾವು ಹೊರಡುವ ದಿನ ಒಲೆಯ ಮೇಲಿನ ಹಲಗೆಯಲ್ಲಿ ಆ ಎರಡು ಬಿಲ್ಲೆ ಇರಲಿಲ್ಲ. ಅವನ್ನು ತೊಟ್ಟಿಲಿಗೆ ಕಟ್ಟಿದ್ದಳು. ಭಟ್ಟರಿಗೆ ತೌತೊ ಮತ್ತು ರಿಕ್ಸ್ ಬಿಲ್ಲೆಗಳನ್ನು, ನನಗೆ ತರ್ವೊ ಒಂದನ್ನೇ ಕೊಟ್ಟಳು. ರಿಕ್ಸ್ ಇದ್ದದ್ದು ಒಂದೇ.

ಶಿರಸಿ

ಹಡಗಿನಲ್ಲಿ ಭಟ್ಟರು ಅಂದಾಜಿನ ಮೇಲೆ ಏಕಾದಶಿ ಮಾಡಿದರು. ತಪ್ಪಬಾರದೆಂದು ಎರಡು ದಿನ ಉಪವಾಸವಿದ್ದರು. ಊರಿಗೆ ಬಂದು ಬೇರೆ ಪಂಚಾಂಗ ತೆರೆದು ನೋಡಿದರೆ ಆ ಎರಡೂ ದಿನ ಏಕಾದಶಿಯಲ್ಲ. ನನ್ನ ಮೇಲೆ ಸ್ವಲ್ಪ ದಿನ ಮುನಿಸಿಕೊಂಡಿದ್ದರು. ಆಮೇಲೆ ಒಂದು ಮಂಗಳವಾರ ಶಿರಸಿ ಸಂತೆಗೆ ಬಂದವರು ಪತ್ರಿಕೆಯ ಕಚೇರಿಗೆ ಹತ್ತಿ ಬಂದರು. ಹೆಂಡತಿಯನ್ನು ಕೇಳಿದೆ ಎಂದರು.

"ಏನ್ ಅಂದ್ರು ಅವರು?"

"ಮೊದ್ಲು ನಗ್ಯಾಡ್ತು. ಆಮೇಲೆ ತವರಿಂದು ಹೇಳ್ತು. ಶರಾವತಿ. ಇಷ್ಟು ವರ್ಷ ಆನು ಕರೆದಿದ್ದು ಬೇರೆ." ಕಿಟಕಿಯಾಚೆ ಬಸ್ಸು ನಿಂತದ್ದನ್ನು ನೋಡಿ ಎದ್ದರು. "ಈಗ ರೂಢಿ ಮಾಡ್ಕಳ್ತಾ ಇದ್ದೆ. ಕರದಾಗೆಲ್ಲ ಎರಡು ಸಲ ತಪ್ತು."

ಪಿಯೇರ್ ವರ್ಷಕ್ಕೊಮ್ಮೆ ಪತ್ರ ಬರೆಯುತ್ತಾರೆ. 1966ರಲ್ಲಿ ಆ ದೇಶದ ಸರ್ಕಾರ ಹೆಸರುಗಳ ನಿಯಮವನ್ನು ಸ್ವಲ್ಪ ಸಡಿಲಿಸಿತು. ಸರ್ಕಾರಿ ವಕೀಲರಿಂದ ಉತ್ತರ ಈವರೆಗೆ ಬಂದಿಲ್ಲ. ಪಂಚಾಂಗ ಪುರಸಭೆಯ ಕಪಾಟಿನಲ್ಲಿದೆ. ಮಗು ಈಗ ಶಾಲೆಗೆ ಹೋಗುತ್ತಿದೆ. ಹಾಜರಿ ಕೂಗುವಾಗ ಅವಳನ್ನು ಪೂರ್ತಿ ಹೆಸರಿನಿಂದ ಕೂಗುತ್ತಾರೆ.